ಆಫ್‌ರೋಡಿಂಗ್‌ಗೆ ಹೊರಟಿದ್ದೀರಾ? ಸಾಪುತಾರಾದಿಂದ ಪೋಲೋ ಕಾಡಿನವರೆಗೆ ಬೆಟ್ಟದ ಹಾದಿಯಲ್ಲಿ ಪಾಲಿಸಬೇಕಾದ ನಿಯಮಗಳಿವು

ಅಹಮದಾಬಾದ್, ವಡೋದರಾ, ಸೂರತ್: ಗುಜರಾತ್‌ನ ಈ ಮೂರು ನಗರಗಳಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರಿಗೆ ವಾರಾಂತ್ಯ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಡಾಂಗ್‌ನ ಘಾಟಿ, ಅರಾವಳಿಯ ಕಾಡುಹಾದಿ, ಕಚ್ಛ್‌ನ ಉಪ್ಪಿನ ಬಯಲು, ಎಲ್ಲವೂ ಒಂದೇ ದಿನದ ದಾರಿ. ಆದರೆ ಗಾಡಿಗೆ ಹೋಗುವ ಶಕ್ತಿ ಇದೆ ಎಂದ ಮಾತ್ರಕ್ಕೆ ಅಲ್ಲಿಗೆ ಹೋಗುವ ಹಕ್ಕೂ ಇದೆ ಎಂದು ಅರ್ಥವಲ್ಲ.

2024ರ ಜೂನ್‌ನಲ್ಲಿ ಕಚ್ಛ್ ಜಿಲ್ಲೆಯ ಮುಂದ್ರಾ ಬಳಿ ರೀಲ್ಸ್‌ಗಾಗಿ ಸಮುದ್ರಕ್ಕೆ ಇಳಿಸಿದ ಎರಡು ಥಾರ್ ಗಾಡಿಗಳು ಉಬ್ಬರದಲ್ಲಿ ಸಿಲುಕಿದವು. ವಿಡಿಯೋ ಹರಿದಾಡಿದ ಬೆನ್ನಲ್ಲೇ ಪೊಲೀಸರು ಪ್ರಕರಣ ದಾಖಲಿಸಿದರು. 2025ರ ಜುಲೈನಲ್ಲಿ ಸೂರತ್‌ನ ಡುಮಸ್ ಕಡಲತೀರದಲ್ಲಿ ದುಬಾರಿ ಎಸ್‌ಯುವಿಯೊಂದು ಕೆಸರಿನಲ್ಲಿ ಹೂತುಹೋಯಿತು. ಹಿಮಾಚಲದ ಲಾಹೌಲ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಟ್ರಾಫಿಕ್ ತಪ್ಪಿಸಿಕೊಳ್ಳಲು ಚಂದ್ರಾ ನದಿಯಲ್ಲೇ ಥಾರ್ ಓಡಿಸಿದವರಿಗೆ ಚಲನ್ ಬಿತ್ತು. ಲಡಾಖ್‌ನ ಹುಂಡರ್ ಮರಳುದಿಬ್ಬದ ಮೇಲೆ ಗಾಡಿ ಹತ್ತಿಸಿದ ಪ್ರವಾಸಿಗರಿಗೆ 2022ರ ಜೂನ್‌ನಲ್ಲಿ 50,000 ರೂಪಾಯಿ ದಂಡ ವಿಧಿಸಲಾಯಿತು.

ಈ ಪ್ರಕರಣಗಳಲ್ಲಿ ಗಾಡಿಯ ತಪ್ಪು ಏನೂ ಇರಲಿಲ್ಲ. ಎಲ್ಲಿ ಓಡಿಸಬೇಕು, ಎಲ್ಲಿ ಓಡಿಸಬಾರದು ಎಂಬ ತಿಳಿವಳಿಕೆಯ ಕೊರತೆಯಿತ್ತು. ಬೆಟ್ಟದ ಹಾದಿಯಲ್ಲಿ ಇದೇ ತಪ್ಪು ಜೀವಕ್ಕೇ ಎರವಾಗಬಹುದು. ಹಾಗಾಗಿ ಹೊರಡುವ ಮುನ್ನ ತಿಳಿದಿರಬೇಕಾದ ಕಾನೂನು, ಹಾದಿಯ ಶಿಷ್ಟಾಚಾರ ಮತ್ತು ಸುರಕ್ಷತೆಯ ವಿವರ ಇಲ್ಲಿದೆ.

ಎಲ್ಲಿಗೆ ಹೋಗುತ್ತಾರೆ? ಆ ಜಾಗ ಯಾರದ್ದು?

ಸೂರತ್‌ನವರಿಗೆ ಹತ್ತಿರದ ಬೆಟ್ಟವೆಂದರೆ ಡಾಂಗ್ ಜಿಲ್ಲೆ. ಸುಮಾರು 160 ಕಿ.ಮೀ. ದೂರದ ಸಾಪುತಾರಾ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಕನ್ನಡಿಗರಿಗೆ ಈ ಬೆಟ್ಟಗಳು ತೀರಾ ಪರಕೀಯವಲ್ಲ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡವನ್ನು ಹಾದುಹೋಗುವ ಸಹ್ಯಾದ್ರಿ ಸಾಲಿನ ಉತ್ತರ ತುದಿ ಇದೇ. ತಾಪಿ ನದಿಯ ದಕ್ಷಿಣಕ್ಕೆ ಶುರುವಾಗುವ ಪಶ್ಚಿಮ ಘಟ್ಟ ಸುಮಾರು 1,600 ಕಿ.ಮೀ. ಸಾಗಿ ಕನ್ಯಾಕುಮಾರಿಯತ್ತ ಮುಗಿಯುತ್ತದೆ. ಡಾಂಗ್‌ನ ಇಳಿಜಾರು ಗದ್ದೆಗಳಲ್ಲಿ ಬೆಳೆಯುವ 'ನಾಗ್ಲಿ' ನಮ್ಮ ರಾಗಿಯೇ.

ವಡೋದರಾದವರಿಗೆ ಸುಮಾರು 50 ಕಿ.ಮೀ. ದೂರದಲ್ಲಿ ಪಾವಾಗಢ ಇದೆ. ಅದರಾಚೆ ಜಂಬುಘೋಡಾ, ರತನ್‌ಮಹಲ್ ಕಾಡುಗಳು, ನರ್ಮದಾ ಜಿಲ್ಲೆಯಲ್ಲಿ ಶೂಲಪಾಣೇಶ್ವರ. ಅಹಮದಾಬಾದ್‌ನವರು ಸಾಬರಕಾಂಠಾ ಜಿಲ್ಲೆಯ ಪೋಲೋ ಕಾಡಿಗೋ, ರಾಜಸ್ಥಾನದ ಮೌಂಟ್ ಅಬುಗೋ, ಕಿರು ರಣ್‌ಗೋ ಹೊರಡುತ್ತಾರೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಜಂಬುಘೋಡಾ ವನ್ಯಜೀವಿಧಾಮ. ರತನ್‌ಮಹಲ್ ಕರಡಿಧಾಮ. ಶೂಲಪಾಣೇಶ್ವರ, ಡಾಂಗ್‌ನ ಪೂರ್ಣಾ ಮತ್ತು ಮೌಂಟ್ ಅಬು ಕೂಡ ವನ್ಯಜೀವಿಧಾಮಗಳೇ. ನವಸಾರಿ ಜಿಲ್ಲೆಯ ವಾಂಸ್ದಾ ರಾಷ್ಟ್ರೀಯ ಉದ್ಯಾನ. ಚಾಂಪಾನೇರ್-ಪಾವಾಗಢ 2004ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಕಿರು ರಣ್ ಕಾಡುಕತ್ತೆಗಳ ಅಭಯಾರಣ್ಯ. ಅಂದರೆ 'ಖಾಲಿ ಜಾಗ' ಎಂದು ಕಾಣುವ ಬಹುಪಾಲು ನೆಲ ಖಾಲಿಯೂ ಅಲ್ಲ, ಯಾರಿಗೂ ಸೇರದ್ದೂ ಅಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಅನುಮತಿ ಇಲ್ಲದೆ ವನ್ಯಜೀವಿಧಾಮದೊಳಗೆ ಹೋಗುವಂತಿಲ್ಲ. ಧಾಮದ ನಡುವೆ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವವರಿಗೆ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಹೆದ್ದಾರಿಗಷ್ಟೇ. ಡಾಂಬರು ಬಿಟ್ಟು ಪಕ್ಕದ ಕಾಡುಹಾದಿಗೆ ಚಕ್ರ ಇಳಿಸಿದ ಕೂಡಲೇ ಅದು ಅಕ್ರಮ ಪ್ರವೇಶವಾಗುತ್ತದೆ. ಧಾಮದೊಳಗೆ ಬೆಂಕಿ ಹಚ್ಚುವುದನ್ನು ಸೆಕ್ಷನ್ 30 ನಿಷೇಧಿಸುತ್ತದೆ.

ಪ್ರಾಣಿಗಳನ್ನು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವುದು ಇನ್ನೂ ಗಂಭೀರ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಕಾಡುಪ್ರಾಣಿಯನ್ನು ಅಟ್ಟುವುದೂ ಬೇಟೆಯೇ ಎಂದು ಇದೇ ಕಾಯ್ದೆ ವ್ಯಾಖ್ಯಾನಿಸುತ್ತದೆ. ಕಿರು ರಣ್‌ನಲ್ಲಿ ಕಾಡುಕತ್ತೆಗಳ ಹಿಂಡಿನ ಪಕ್ಕದಲ್ಲಿ ಗಾಡಿ ಓಡಿಸಿ ವಿಡಿಯೋ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 2022ರ ತಿದ್ದುಪಡಿಯ ನಂತರ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣ.

ಧಾಮವಲ್ಲದ ಮೀಸಲು ಅರಣ್ಯಕ್ಕೆ 1927ರ ಭಾರತೀಯ ಅರಣ್ಯ ಕಾಯ್ದೆ ಅನ್ವಯವಾಗುತ್ತದೆ. ಅಲ್ಲೂ ಅತಿಕ್ರಮ ಪ್ರವೇಶ ಅಪರಾಧ. ಗೂಗಲ್ ಮ್ಯಾಪ್‌ನಲ್ಲಿ ದಾರಿ ಕಾಣುತ್ತದೆ ಎಂಬುದು ಅನುಮತಿಯಲ್ಲ. ಆ ಗೆರೆ ಸೌದೆಗೆ ಹೋಗುವವರ ಕಾಲುಹಾದಿಯಾಗಿರಬಹುದು, ಅರಣ್ಯ ಇಲಾಖೆಯ ಬೆಂಕಿರೇಖೆಯೂ ಆಗಿರಬಹುದು. ಹತ್ತಿರದ ಅರಣ್ಯ ಚೌಕಿಯಲ್ಲಿ ವಿಚಾರಿಸುವುದೊಂದೇ ಖಚಿತ ದಾರಿ.

ಹಾದಿ ಬಿಟ್ಟರೆ ಏನಾಗುತ್ತದೆ?

ಆಫ್‌ರೋಡಿಂಗ್ ಎಂದರೆ ದಾರಿಯೇ ಇಲ್ಲದ ಕಡೆ ಹೋಗುವುದು ಎಂಬ ತಪ್ಪು ಕಲ್ಪನೆ ಇದೆ. ನಿಜವಾದ ಅರ್ಥದಲ್ಲಿ ಅದು ಡಾಂಬರು ಇಲ್ಲದ, ಆದರೆ ಮೊದಲೇ ಇರುವ ಹಾದಿಯಲ್ಲಿ ಸಾಗುವುದು. ಈ ವ್ಯತ್ಯಾಸವೇ ಇಡೀ ಶಿಷ್ಟಾಚಾರದ ಬುನಾದಿ.

ಕಾರಣ ಸರಳ. ಎರಡು ಟನ್ ತೂಕದ ಗಾಡಿ ಹುಲ್ಲಿನ ಇಳಿಜಾರಿನ ಮೇಲೆ ಹೋದರೆ ಚಕ್ರದಡಿಯ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣಿಗೆ ನೀರು ಇಂಗುವುದಿಲ್ಲ, ಹುಲ್ಲಿನ ಬೇರು ಹಿಡಿಯುವುದಿಲ್ಲ. ಮುಂದಿನ ಮಳೆಗೆ ಆ ಎರಡು ಗೆರೆಗಳೇ ಕಾಲುವೆಯಾಗಿ ಮಣ್ಣನ್ನು ಹೊತ್ತೊಯ್ಯುತ್ತವೆ. ಕಾಲುವೆ ಆಳವಾದಾಗ ಹಿಂದೆ ಬಂದ ಚಾಲಕ ಅದನ್ನು ತಪ್ಪಿಸಲು ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತಾನೆ. ಹೀಗೆ ಒಂದು ಹಾದಿ ಕೆಲವೇ ವರ್ಷಗಳಲ್ಲಿ ನಾಲ್ಕಾಗುತ್ತದೆ.

ಕೊಡಚಾದ್ರಿಗೋ ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೋ ಬಾಡಿಗೆ ಜೀಪಿನಲ್ಲಿ ಹೋದವರು ಇಂಥ ಕೊರಕಲುಗಳನ್ನು ಕಣ್ಣಾರೆ ಕಂಡಿರುತ್ತಾರೆ. ಅಲ್ಲಿನ ಸ್ಥಳೀಯ ಚಾಲಕರು ಎಷ್ಟೇ ಕುಲುಕಿದರೂ ಅದೇ ಹಾದಿಯಲ್ಲಿ ನಿಧಾನವಾಗಿ ಹೋಗುತ್ತಾರೆಯೇ ಹೊರತು ಹುಲ್ಲುಗಾವಲಿಗೆ ಇಳಿಸುವುದಿಲ್ಲ. ಕೆಸರು ಕಂಡರೆ ಬದಿಯಿಂದ ಸುತ್ತಿ ಹೋಗಬೇಡಿ, ಹಾದಿಯ ನಡುವೆಯೇ ನಿಧಾನವಾಗಿ ದಾಟಿ. ದಾಟಲಾಗದಷ್ಟು ಕೆಸರಿದ್ದರೆ ವಾಪಸ್ ಬನ್ನಿ. ಚಕ್ರ ಸುಮ್ಮನೆ ಗಿರಗಿರನೆ ತಿರುಗುತ್ತಿದ್ದರೆ ಆಕ್ಸಿಲರೇಟರ್ ಬಿಡಿ. ಅದು ಹಾದಿಯನ್ನು ಅಗೆಯುತ್ತದೆ, ಗಾಡಿಯನ್ನು ಮುಂದೆ ಒಯ್ಯುವುದಿಲ್ಲ.

ಯಾರಿಗೆ ಮೊದಲು ದಾರಿ?

ಕಿರಿದಾದ ಘಾಟಿಯಲ್ಲಿ ಎರಡು ಗಾಡಿ ಎದುರಾದರೆ ಇಳಿಯುವ ಗಾಡಿ ನಿಂತು, ಏರುವ ಗಾಡಿಗೆ ದಾರಿ ಕೊಡಬೇಕು. ಇದು ಬರೀ ಸೌಜನ್ಯವಲ್ಲ, ದೇಶದ ರಸ್ತೆ ನಿಯಮಗಳಲ್ಲೇ ಇರುವ ವಿಧಿ. ಏರುವ ಗಾಡಿ ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಇದೆ.

ಆದರೆ ಹಾದಿಯಲ್ಲಿ ಎಲ್ಲಕ್ಕಿಂತ ಮೊದಲ ಹಕ್ಕು ನಡೆದು ಹೋಗುವವರದ್ದು. ತಲೆಯ ಮೇಲೆ ಸೌದೆ ಹೊತ್ತ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ದನ-ಮೇಕೆಗಳ ಹಿಂಡು ಎದುರಾದರೆ ಬದಿಗೆ ನಿಲ್ಲಿಸಿ, ಅಗತ್ಯವಿದ್ದರೆ ಎಂಜಿನ್ ಆಫ್ ಮಾಡಿ. ಹಿಂಡಿನ ಹಿಂದೆ ಹಾರ್ನ್ ಒತ್ತಬೇಡಿ. ಬೆದರಿದ ದನ ಪ್ರಪಾತದ ಕಡೆಗೇ ಓಡಬಹುದು. ಮನೆಗಳಿರುವ ಕಡೆ ಮತ್ತು ಬೈಕ್ ಸವಾರರನ್ನು ದಾಟುವಾಗ ಧೂಳೇಳದಷ್ಟು ವೇಗ ಇರಲಿ.

ಏರು, ಇಳಿಜಾರು: ಗೇರ್ ಮುಖ್ಯ, ಬ್ರೇಕ್ ಅಲ್ಲ

2025ರ ಫೆಬ್ರವರಿಯಲ್ಲಿ ಸಾಪುತಾರಾ ಘಾಟಿಯಲ್ಲಿ ಯಾತ್ರಿಕರ ಖಾಸಗಿ ಬಸ್ ಕಮರಿಗೆ ಉರುಳಿ ಕನಿಷ್ಠ ಐವರು ಮೃತಪಟ್ಟರು. ಅದು ಡಾಂಬರು ರಸ್ತೆ. ಕಚ್ಚಾ ಹಾದಿಯಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಕಡಿದಾದ ಇಳಿಜಾರಿಗೆ ಮುನ್ನ ಗಾಡಿಯನ್ನು ಫೋರ್ ವೀಲ್ ಲೋ ರೇಂಜ್‌ಗೆ ಹಾಕಿ, ಮೊದಲ ಗೇರ್‌ನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಬ್ರೇಕನ್ನು ಒತ್ತಿ ಹಿಡಿದೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದು ಆತ್ಮಹತ್ಯೆಗೆ ಸಮ.

ಇಳಿಜಾರನ್ನು ನೇರವಾಗಿ ಏರಿ, ನೇರವಾಗಿ ಇಳಿಯಿರಿ. ಅಡ್ಡಡ್ಡ ಓಡಿಸಿದರೆ ಪಲ್ಟಿಯಾಗುವ ಸಾಧ್ಯತೆ ಹೆಚ್ಚು. ಏರುವಾಗ ಗಾಡಿ ನಿಂತುಬಿಟ್ಟರೆ ಅಲ್ಲೇ ತಿರುಗಿಸಲು ಹೋಗಬೇಡಿ. ರಿವರ್ಸ್ ಗೇರ್ ಹಾಕಿ, ಬಂದ ಗೆರೆಯಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ದಿಬ್ಬದ ಆಚೆ ಏನಿದೆ ಎಂದು ಕಾಣದಿದ್ದರೆ ಒಬ್ಬರು ಇಳಿದು ನಡೆದು ನೋಡಿ ಬರಲಿ. ಹಿಂದಿನ ಗಾಡಿ, ಮುಂದಿನ ಗಾಡಿ ಪೂರ್ತಿ ಏರುವವರೆಗೆ ಕೆಳಗೇ ಕಾಯಬೇಕು.

ಹೊಳೆ ದಾಟುವ ಮುನ್ನ

ಅಂಬಿಕಾ, ಪೂರ್ಣಾ, ಗಿರಾ, ಖಾಪ್ರಿ: ಡಾಂಗ್‌ನ ನದಿಗಳು ಬೇಸಿಗೆಯಲ್ಲಿ ಕಲ್ಲು ಕಾಣುವಷ್ಟು ಬಡವಾಗಿರುತ್ತವೆ. ಮಳೆಗಾಲದಲ್ಲಿ ಮೇಲಿನ ಬೆಟ್ಟದಲ್ಲಿ ಸುರಿದ ಮಳೆಗೆ ನೋಡನೋಡುತ್ತಲೇ ತುಂಬುತ್ತವೆ. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಪ್ರವಾಹ ಬರಬಹುದು. ತಗ್ಗಿನ ಕಾಸ್‌ವೇ ಸೇತುವೆಗಳ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ.

ಸುಮಾರು 30 ಸೆಂ.ಮೀ. ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂ.ಮೀ. ಆದರೆ ಹೆಚ್ಚಿನ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ನೀರಿನ ಆಳದ ಮಿತಿ ನಿಂತ ನೀರಿಗೆ ಅನ್ವಯಿಸುವ ಅಳತೆ ಎಂದೇ ಭಾವಿಸಿ.

ಮಳೆಯಿಲ್ಲದ ಕಾಲದಲ್ಲಿ ದಾಟಲೇಬೇಕಾದರೆ ಊರಿನವರು ದಾಟುವ ಜಾಗದಲ್ಲೇ, ಹೊಳೆಗೆ ಅಡ್ಡಲಾಗಿ, ನಡಿಗೆಯ ವೇಗದಲ್ಲಿ ದಾಟಿ. ನೀರು ಚಿಮ್ಮಿಸಲು ಹೊಳೆಯುದ್ದಕ್ಕೂ ಹಿಂದೆ-ಮುಂದೆ ಓಡಿಸುವುದರಿಂದ ಮೀನು ಮೊಟ್ಟೆಯಿಡುವ ಜಲ್ಲಿ ಹಾಳಾಗುತ್ತದೆ, ಕೆಳಗಿನ ಊರಿನ ಕುಡಿಯುವ ನೀರಿಗೆ ಆಯಿಲ್ ಬೆರೆಯುತ್ತದೆ. ಹೊಳೆಯಲ್ಲಿ ಗಾಡಿ ತೊಳೆಯುವುದೂ ಸಲ್ಲದು. ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಬಾರಿ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ.

ಗಾಡಿ ಹೂತುಹೋದರೆ

ಆಫ್‌ರೋಡಿಂಗ್‌ನಲ್ಲಿ ದೊಡ್ಡ ಗಾಯಗಳಾಗುವುದು ಹಲವು ಬಾರಿ ಓಡಿಸುವಾಗ ಅಲ್ಲ, ಎಳೆಯುವಾಗ. ಬಿಗಿಯಾದ ಹಗ್ಗ ಅಥವಾ ವಿಂಚ್ ಕೇಬಲ್ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಹಾಗಾಗಿ:

• ಗಾಡಿಯ ಚಾಸಿಗೆ ಜೋಡಿಸಿದ, ತೂಕ ತಡೆಯಬಲ್ಲ ಕೊಂಡಿಗೇ ಹಗ್ಗ ಕಟ್ಟಿ. ಬಂಪರ್‌ಗೋ ಟ್ರೇಲರ್ ಗುಂಡಿಗೋ ಕಟ್ಟಬೇಡಿ.
• ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟಾದರೂ ದೂರ ನಿಲ್ಲಲಿ. ಹಗ್ಗವನ್ನು ಯಾರೂ ದಾಟಕೂಡದು.
• ಕೇಬಲ್ ಮೇಲೆ ದಪ್ಪ ಕಂಬಳಿ ಅಥವಾ ಗೋಣಿ ಹಾಕಿ. ತುಂಡಾದರೂ ಹಾರುವ ರಭಸ ತಗ್ಗುತ್ತದೆ.
• ಮರಕ್ಕೆ ವಿಂಚ್ ಕಟ್ಟುವುದಾದರೆ ಅಗಲವಾದ ಪಟ್ಟಿ ಬಳಸಿ. ಬರೀ ಕೇಬಲ್ ತೊಗಟೆಯನ್ನು ಸುತ್ತಲೂ ಕೊಯ್ದರೆ ಮರ ಒಣಗಿ ಸಾಯುತ್ತದೆ.
• ಗಾಡಿ ಹೊರಬಂದ ಮೇಲೆ ಗುಂಡಿ ಮುಚ್ಚಿ, ಚಕ್ರದಡಿ ಇಟ್ಟ ಕಲ್ಲುಗಳನ್ನು ಹಾದಿಯಿಂದ ತೆಗೆಯಿರಿ. ರಾತ್ರಿ ಬೈಕಿನಲ್ಲಿ ಬರುವವರಿಗೆ ಅವೇ ಮಾರಕ.

ಒಣ ಎಲೆ, ಬಿಸಿ ಸೈಲೆನ್ಸರ್

ಡಾಂಗ್‌ನದ್ದು ತೇಗದ ಕಾಡು. ಚಳಿಗಾಲ ಮುಗಿಯುತ್ತಿದ್ದಂತೆ ಎಲೆ ಉದುರಿ, ಬೇಸಿಗೆಯಲ್ಲಿ ನೆಲವೆಲ್ಲ ಒಣ ತರಗೆಲೆ. ಘಾಟಿ ಏರಿ ಬಂದ ಗಾಡಿಯ ಸೈಲೆನ್ಸರ್ ಭಾಗ ಕೆಂಡದಂತೆ ಕಾದಿರುತ್ತದೆ. ಅಂಥ ಗಾಡಿಯನ್ನು ತರಗೆಲೆಯ ಮೇಲೆ ನಿಲ್ಲಿಸಿದರೆ ಕಾಡ್ಗಿಚ್ಚಿಗೆ ಅಷ್ಟೇ ಸಾಕು. ಬರೀ ಮಣ್ಣು ಅಥವಾ ಬಂಡೆಯ ಮೇಲೆ ನಿಲ್ಲಿಸಿ. ಗಾಡಿಯಡಿ ಸಿಕ್ಕಿಕೊಂಡ ಹುಲ್ಲನ್ನು ಆಗಾಗ ತೆಗೆಯಿರಿ. ಬೀಡಿ, ಸಿಗರೇಟು, ಕ್ಯಾಂಪ್ ಫೈರ್ ಬೇಡ.

ಡಾಂಗ್, ಜಂಬುಘೋಡಾ ಕಾಡುಗಳಲ್ಲಿ ಚಿರತೆಗಳಿವೆ. ರತನ್‌ಮಹಲ್‌ನಲ್ಲಿ ಕರಡಿಗಳಿವೆ. ಕತ್ತಲಾಗುವ ಮೊದಲೇ ಹಾದಿ ಬಿಟ್ಟು ಹೊರಬನ್ನಿ. ಪ್ರಾಣಿ ಕಂಡರೆ ಹೆಡ್‌ಲೈಟ್ ತಗ್ಗಿಸಿ, ಅದು ಹೋಗುವವರೆಗೆ ಕಾಯಿರಿ. ಜೋರು ಸಂಗೀತ ಬೇಡ. ಡ್ರೋನ್ ಹಾರಿಸುವ ಮುನ್ನ ಅನುಮತಿ ಪಡೆಯಿರಿ.

ಅದು ಯಾರದ್ದೋ ಹೊಲ, ಯಾರದ್ದೋ ಊರು

ಡಾಂಗ್ ಆದಿವಾಸಿಗಳ ಜಿಲ್ಲೆ. 2021ರಲ್ಲಿ ಅದನ್ನು ಪೂರ್ಣ ನೈಸರ್ಗಿಕ ಕೃಷಿಯ ಜಿಲ್ಲೆ ಎಂದು ಘೋಷಿಸಲಾಯಿತು. ಮಳೆಗಾಲದಲ್ಲಿ ಪ್ರವಾಸಿಗರ ಕಣ್ಣಿಗೆ 'ಹಸಿರು ಇಳಿಜಾರು' ಎಂದು ಕಾಣುವುದು ಬಹುತೇಕ ನಾಗ್ಲಿ ಅಥವಾ ಭತ್ತದ ಹೊಲ. ಒಂದು ಗಾಡಿ ಬದು ಒಡೆದರೆ ಆ ಹೊಲದ ನೀರು ಮತ್ತು ಮಣ್ಣು ಎರಡೂ ಕೆಳಗೆ ಹರಿಯುತ್ತವೆ. ಕುಟುಂಬವೊಂದರ ವರ್ಷದ ಊಟ ಅದು.

ಮಾರ್ಚ್-ಏಪ್ರಿಲ್‌ನಲ್ಲಿ ಪೂರ್ವ ಗುಜರಾತ್‌ನ ಕಾಡಂಚಿನಲ್ಲಿ ಬೆಳಗಿನ ಜಾವವೇ ಜನ ಮರಗಳಡಿ ಕೂತು ಮಹುವಾ ಅಂದರೆ ಇಪ್ಪೆ ಹೂ ಆರಿಸುತ್ತಾರೆ. ಒಣಗಿಸಿ ಮಾರಿದರೆ ಅದೇ ಆ ಋತುವಿನ ಆದಾಯ. ಮರದಡಿ ಗಾಡಿ ನಿಲ್ಲಿಸುವ ಮುನ್ನ ನೆಲ ನೋಡಿ.

ಊರಿನೊಳಗೆ ಹೋಗುವುದಿದ್ದರೆ ಸರಪಂಚರನ್ನೋ ಹಿರಿಯರನ್ನೋ ಮಾತನಾಡಿಸಿ. 'ಕಾಕಾ, ಈ ದಾರಿಯಲ್ಲಿ ಹೋಗಬಹುದೇ' ಎಂದು ಕೇಳಿದರೆ ಯಾವ ಆ್ಯಪ್ ಕೊಡದ ಮಾಹಿತಿ ಸಿಗುತ್ತದೆ. ನಿನ್ನೆ ಮಳೆಗೆ ಎಲ್ಲಿ ಕುಸಿದಿದೆ, ಯಾವ ಹಳ್ಳ ದಾಟಲಾಗದು ಎಂಬುದು ಅವರಿಗೇ ಗೊತ್ತು. ತೆರೆದ ಬೇಲಿಯ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಿ. ಒಪ್ಪಿಗೆ ಇಲ್ಲದೆ ಫೋಟೊ ತೆಗೆಯಬೇಡಿ. ಗಾಡಿಯಿಂದ ಮಕ್ಕಳತ್ತ ಚಾಕೊಲೇಟ್ ಎಸೆಯಬೇಡಿ. ಅವರು ಮುಂದಿನ ಗಾಡಿಯ ಹಿಂದೆ ಓಡುವುದನ್ನು ಕಲಿಯುತ್ತಾರೆ. ಬೆಳೆಗೆ ಹಾನಿಯಾದರೆ ನಿಂತು ಮಾತಾಡಿ, ನಷ್ಟ ತುಂಬಿಕೊಡಿ. ಹೂತ ಗಾಡಿಯನ್ನು ಎಳೆಯಲು ಟ್ರ್ಯಾಕ್ಟರ್ ತರುವ ರೈತನಿಗೆ ಡೀಸೆಲ್ ಜೊತೆ ಅವನ ಸಮಯಕ್ಕೂ ಹಣ ಕೊಡಿ.

ಹೋಳಿಗೆ ಮುನ್ನ ಆಹವಾದಲ್ಲಿ ಡಾಂಗ್ ದರ್ಬಾರ್ ನಡೆಯುತ್ತದೆ. ಆ ದಿನಗಳಲ್ಲಿ ರಸ್ತೆಗಳಲ್ಲಿ ಜನಸಂದಣಿ ಹೆಚ್ಚು. ಗಾಡಿಗಳ ದಂಡು ಕಟ್ಟಿಕೊಂಡು ಹೋಗಲು ಅದು ಸಮಯವಲ್ಲ.

ಗುಂಪಿನಲ್ಲಿ ಹೋಗುವಾಗ

ಒಂಟಿ ಗಾಡಿಯಲ್ಲಿ ಕಚ್ಚಾ ಹಾದಿಗೆ ಇಳಿಯಬೇಡಿ. ಕನಿಷ್ಠ ಎರಡು ಗಾಡಿ ಇರಲಿ. ಹಾಗೆಂದು ಇಪ್ಪತ್ತು ಗಾಡಿಗಳ ಮೆರವಣಿಗೆಯೂ ಬೇಡ. ಗುಂಪು ದೊಡ್ಡದಾದರೆ ಐದಾರು ಗಾಡಿಗಳ ತಂಡಗಳಾಗಿ ಒಡೆದು ಅಂತರ ಬಿಟ್ಟು ಹೊರಡಿ. ಮುಂದೆ ಹಾದಿ ಬಲ್ಲವರು, ಕೊನೆಯಲ್ಲಿ ದುರಸ್ತಿ ಬಲ್ಲವರು ಇರಲಿ. ಪ್ರತಿ ತಿರುವಿನಲ್ಲಿ ಹಿಂದಿನ ಗಾಡಿ ಕಾಣುವವರೆಗೆ ಮುಂದಿನವರು ಕಾಯಬೇಕು.

ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ಅನೇಕ. ಲೈಸೆನ್ಸ್ ಬೇಡದ ತರಂಗಾಂತರದ, ಸರ್ಕಾರದಿಂದ ಅನುಮೋದಿತವಾದ ಸಣ್ಣ ವಾಕಿಟಾಕಿ ಬಳಸಬಹುದು. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂಬುದನ್ನು ಮನೆಯವರಿಗೆ ಹೇಳಿ ಹೊರಡಿ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112.

ಗುಜರಾತ್ ಪಾನನಿಷೇಧದ ರಾಜ್ಯ ಎಂಬುದು ಹೊರಗಿನಿಂದ ಬಂದು ನೆಲೆಸಿದವರಿಗೆ ಕೆಲವೊಮ್ಮೆ ಮರೆಯುತ್ತದೆ. ಸಾಪುತಾರಾ ಮಹಾರಾಷ್ಟ್ರದ ಗಡಿಯಲ್ಲೇ ಇದೆ. ಗಡಿಯಾಚೆಯಿಂದ ಪರ್ಮಿಟ್ ಇಲ್ಲದೆ ಮದ್ಯ ತಂದರೆ ತಪಾಸಣೆಯಲ್ಲಿ ಗಾಡಿಯೇ ಜಪ್ತಿಯಾಗಬಹುದು. ಕಾನೂನು ಬದಿಗಿಟ್ಟರೂ, ಪ್ರಪಾತದ ಅಂಚಿನ ಹಾದಿಗೂ ಮದ್ಯಕ್ಕೂ ಆಗಿಬರುವುದಿಲ್ಲ.

ವಿಮೆ, ಮಾರ್ಪಾಡು: ಕೊನೆಗೆ ಕೈಕೊಡುವುದು ಇಲ್ಲೇ

ಖಾಸಗಿ ಕಾರಿನ ಸಾಮಾನ್ಯ ವಿಮೆ ರೇಸಿಂಗ್, ವೇಗ ಪರೀಕ್ಷೆ ಮತ್ತು ಸ್ಪರ್ಧೆಗಳನ್ನು ಒಳಗೊಳ್ಳುವುದಿಲ್ಲ. ಆಫ್‌ರೋಡ್ ಸ್ಪರ್ಧೆಗೆ ಹೆಸರು ಕೊಡುವ ಮುನ್ನ ಪಾಲಿಸಿ ಓದಿ, ವಿಮಾ ಕಂಪನಿಯಿಂದ ಲಿಖಿತವಾಗಿ ಸ್ಪಷ್ಟಪಡಿಸಿಕೊಳ್ಳಿ. ನಿಂತ ಎಂಜಿನ್‌ಗೆ ನೀರಿನಲ್ಲೇ ಮತ್ತೆ ಸ್ಟಾರ್ಟ್ ಕೊಟ್ಟು ಹಾಳಾದರೆ ಪರಿಹಾರ ಸಿಗುವುದು ಕಷ್ಟ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಉಲ್ಲಂಘಿಸಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದೆ. ದೊಡ್ಡ ಟೈರ್, ಎತ್ತರಿಸಿದ ಸಸ್ಪೆನ್ಷನ್, ಸದ್ದು ಮಾಡುವ ಸೈಲೆನ್ಸರ್ ಹಾಕಿಸುವ ಮುನ್ನ ಯೋಚಿಸಿ.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

• ಹೋಗುವ ಹಾದಿ ಧಾಮದ ಅಥವಾ ಮೀಸಲು ಅರಣ್ಯದ ಒಳಗಿದೆಯೇ? ಅನುಮತಿ ಪತ್ರ ಕೈಯಲ್ಲಿದೆಯೇ?
• ಮೂರು ದಿನಗಳ ಮಳೆಯ ಮುನ್ಸೂಚನೆ ನೋಡಿದ್ದೀರಾ?
• ಎಳೆಯುವ ಹಗ್ಗ, ಕೊಂಡಿ, ಸಲಿಕೆ, ಗಾಳಿ ತುಂಬುವ ಪಂಪ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್ ಇವೆಯೇ?
• ಮರಳಿನಲ್ಲಿ ಹೋಗಲು ಟೈರ್ ಗಾಳಿ ಇಳಿಸಿದ್ದರೆ ಡಾಂಬರಿಗೆ ಬರುವ ಮುನ್ನ ಮತ್ತೆ ತುಂಬಿದ್ದೀರಾ? ಕಡಿಮೆ ಗಾಳಿಯಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಟೈರ್ ಸಿಡಿಯಬಹುದು.
• ಹಿಂದಿನ ಸೀಟಿನವರೂ ಸೀಟ್ ಬೆಲ್ಟ್ ಹಾಕಿದ್ದಾರೆಯೇ?
• ಕಸ ವಾಪಸ್ ತರಲು ಚೀಲ ಇದೆಯೇ?

ಹೊಸಬರು ಮೊದಲ ಪಾಠವನ್ನು ಬೆಟ್ಟದಲ್ಲಿ ಕಲಿಯುವುದು ಸರಿಯಲ್ಲ. ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಾಗದಲ್ಲಿ, ಬಲ್ಲವರ ಜೊತೆ ಕಲಿತು ಆಮೇಲೆ ಘಾಟಿಗೆ ಬರಬೇಕು. ಸೂರತ್‌ನಿಂದ ದೂರವಲ್ಲದ ನಾಸಿಕ್ ಜಿಲ್ಲೆಯ ಇಗತ್‌ಪುರಿಯಲ್ಲಿ ಮಹೀಂದ್ರಾ ಕಂಪನಿ ಆಫ್‌ರೋಡ್ ತರಬೇತಿಗಾಗಿಯೇ ಅಕಾಡೆಮಿ ಸ್ಥಾಪಿಸಿತ್ತು. ಇಂಥ ಕಡೆ ಕಲಿಸುವ ಮುಖ್ಯ ಪಾಠ ವೇಗವಲ್ಲ, ಎಲ್ಲಿ ನಿಲ್ಲಿಸಬೇಕು, ಯಾವಾಗ ಹಿಂದಿರುಗಬೇಕು ಎಂಬುದು.

ಒಂದು ಗುಂಪಿನ ಅವಾಂತರಕ್ಕೆ ಹಾದಿಯೇ ಎಲ್ಲರಿಗೂ ಬಂದ್ ಆಗುವುದುಂಟು. ಹಾಗೆ ಬಂದ್ ಆದಾಗ ಪ್ರವಾಸಿಗರು ಬೇರೆ ಬೆಟ್ಟ ಹುಡುಕಿಕೊಂಡು ಹೋಗುತ್ತಾರೆ. ಅವರನ್ನು ನಂಬಿ ಚಹಾದಂಗಡಿ, ಮನೆಯೂಟ, ಹೋಮ್‌ಸ್ಟೇ ನಡೆಸುವ ಊರಿನವರಿಗೆ ಆ ಆಯ್ಕೆ ಇಲ್ಲ. ಮರಳಿ ಬರುವಾಗ ಹಾದಿಯಲ್ಲಿ ನಿಮ್ಮ ಚಕ್ರದ ಗುರುತು ಇತರ ಗಾಡಿಗಳ ಗುರುತಿನ ಮೇಲೆಯೇ ಇದ್ದರೆ, ಆ ಪ್ರಯಾಣ ಸರಿಯಾಗಿ ಮುಗಿದಂತೆ.